ಸಾವಿನ ಪರೀಕ್ಷೆಗೆ ಹೆಣ್ಣಿಲಿ, ಗುಣದ ಪರೀಕ್ಷೆಗೆ ಗಂಡಿಲಿ

ಪ್ರಶ್ನೆ: ಸರ್, ನಾನು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 51. ಮಗಳು ಬೆಳಗಾವಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದಾಳೆ, ವಿಷಯ ಫಾರ್ಮಕಾಲಜಿ. ಒಂದೆಲಗದ ಸಾರಕ್ಕೆ ಖಿನ್ನತೆ ಕಳೆಯುವ ಗುಣ ಇದೆಯೋ ಇಲ್ಲವೋ ಎಂದು ಇಲಿಗಳ ಮೇಲೆ ನೋಡುವುದು ಅವಳ ಪ್ರಾಜೆಕ್ಟ್. ದೀಪಾವಳಿಗೆ ಊರಿಗೆ ಬಂದಾಗ ಒಂದು ಮಾತು ಹೇಳಿದಳು. ಪ್ರಯೋಗಕ್ಕೆ ಗಂಡಿಲಿ ಮಾತ್ರ ತೆಗೆದುಕೊಳ್ಳಬೇಕಂತೆ, ಹೆಣ್ಣಿಲಿಗೆ ಬೆದೆಯ ಚಕ್ರ ಇರುವುದರಿಂದ ಲೆಕ್ಕ ಕೆಡುತ್ತದಂತೆ. ನನಗೆ ನನ್ನದೇ ಸಂಗತಿ ನೆನಪಾಯಿತು. ನನಗೂ ನಮ್ಮ ಮನೆಯವರಿಗೂ ಒಬ್ಬರೇ ಡಾಕ್ಟರು ನಿದ್ದೆಗೆಂದು ಝೋಲ್ಪಿಡೆಮ್ 10 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ಅವರು ನಸುಕಿನಲ್ಲಿ ಎದ್ದು ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾರೆ. ನಾನು ಎಂಟರ ಬಸ್ಸು ಹತ್ತುವಾಗ ಜೋಲಿ ಹೊಡೆದು ಮೆಟ್ಟಿಲು ತಪ್ಪುತ್ತೇನೆ. ಆ ಇಲಿಗೂ ನನಗೂ ಏನಾದರೂ ಸಂಬಂಧ ಉಂಟೇ? ಹೆಣ್ಣಿನ ಮೇಲೆ ನೋಡದೆಯೇ ನಮಗೆ ಔಷಧ ಕೊಡುತ್ತಾರೆಯೇ? ಮಗಳು ಈಗ ಏನು ಮಾಡಬೇಕು?

ಉತ್ತರ: ಅಕ್ಕೋರೇ, ಇಲಿಯ ಮಾತು ಆಮೇಲೆ, ಮೊದಲು ಬಸ್ಸಿನ ಮೆಟ್ಟಿಲು. ಝೋಲ್ಪಿಡೆಮ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1992ರಲ್ಲಿ. ಗಂಡು ಹೆಣ್ಣು ಎನ್ನದೆ ಎಲ್ಲರಿಗೂ 10 ಮಿಲಿಗ್ರಾಂ ಎಂದು ಇಪ್ಪತ್ತು ವರ್ಷ ನಡೆಯಿತು. 2013ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರ ಡೋಸನ್ನು 5 ಮಿಲಿಗ್ರಾಂಗೆ ಇಳಿಸಿತು. ನಿಧಾನವಾಗಿ ಕರಗುವ ಬಗೆಯ ಗುಳಿಗೆಯನ್ನು 12.5ರಿಂದ 6.25ಕ್ಕೆ ಇಳಿಸಿತು. ಕಾರಣ ಸರಳವಾಗಿತ್ತು. ಒಂದೇ ಡೋಸ್ ನುಂಗಿದರೂ ಹೆಂಗಸರ ರಕ್ತದಲ್ಲಿ ಈ ಔಷಧ ಗಂಡಸರಿಗಿಂತ ಸುಮಾರು ಶೇ 45ರಷ್ಟು ಹೆಚ್ಚು ಇರುತ್ತದೆ, ಏಕೆಂದರೆ ಅವರ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ. 10 ಮಿಲಿಗ್ರಾಂ ನುಂಗಿ ಎಂಟು ತಾಸು ಕಳೆದ ಮೇಲೂ ಗಾಡಿ ಓಡಿಸಲು ಅಪಾಯ ಎನ್ನುವಷ್ಟು ಔಷಧ ರಕ್ತದಲ್ಲಿ ಉಳಿದವರು ಗಂಡಸರಲ್ಲಿ ನೂರಕ್ಕೆ 3, ಹೆಂಗಸರಲ್ಲಿ ನೂರಕ್ಕೆ 15.

ಹಾಗಾಗಿ ನಿಮ್ಮ ಜೋಲಿ ನಿಮ್ಮ ಭ್ರಮೆ ಇರಲಾರದು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಚೀಟಿ ಬರೆದ ಡಾಕ್ಟರ ಹತ್ತಿರವೇ ಹೋಗಿ, ಡೋಸ್ ಬಗ್ಗೆ ಕೇಳಿ. ಗುಳಿಗೆಯನ್ನು ನೀವಾಗಿ ಮುರಿಯಬೇಡಿ, ಏಕೆಂದರೆ ನಿಧಾನವಾಗಿ ಕರಗುವ ಬಗೆಯದಾಗಿದ್ದರೆ ಮುರಿದ ಕೂಡಲೇ ಅದರ ಲೆಕ್ಕವೇ ಬದಲಾಗುತ್ತದೆ. ಬಹಳ ದಿನದಿಂದ ನುಂಗುತ್ತಿದ್ದರೆ ಒಮ್ಮೆಗೇ ಬಿಡುವುದೂ ಬೇಡ. ಮತ್ತೆ, ಈ ಒಂದು ಗುಳಿಗೆಯ ಕಥೆ ಕೇಳಿ ಎಲ್ಲ ಮನೋರೋಗದ ಗುಳಿಗೆಯನ್ನೂ ಹೆಂಗಸರು ಅರ್ಧ ಮಾಡಬೇಕು ಎಂದು ಓಣಿಯಲ್ಲಿ ಹೇಳಬೇಡಿ. ಖಿನ್ನತೆಯ ಗುಳಿಗೆ ಅರ್ಧ ಮಾಡಿಕೊಂಡು ಮತ್ತೆ ಹಾಸಿಗೆ ಹಿಡಿದವರನ್ನು ನಾನು ನೋಡಿದ್ದೇನೆ.

ಈಗ ಇಲಿಗೆ ಬರೋಣ. ಪ್ರಯೋಗಾಲಯದಲ್ಲಿ ಎರಡು ಬಗೆ ಇರುತ್ತವೆ. ರ‍್ಯಾಟ್ ದೊಡ್ಡದು, ಮೌಸ್ ಚಿಕ್ಕದು. ದೊಡ್ಡದಕ್ಕೆ ಇಲಿ ಅಂತಲೂ ಚಿಕ್ಕದಕ್ಕೆ ಚಿಟ್ಟಿಲಿ ಅಂತಲೂ ಬರೆಯುತ್ತೇನೆ. ಇವೆರಡನ್ನೂ ಬೆರೆಸಿ ಮಾತಾಡಿದರೆ ತಪ್ಪು ದಾರಿ ಹಿಡಿಯುತ್ತೇವೆ, ಯಾಕೆಂದು ಮುಂದೆ ತಿಳಿಯುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಬಿ.ಫಾರ್ಮ್ ಹುಡುಗರಿಗೆ ಪೆಂಟೊಬಾರ್ಬಿಟೋನ್ ಎಂಬ ನಿದ್ದೆ ಔಷಧದ ಪ್ರಾಕ್ಟಿಕಲ್ ಇತ್ತು. ಇಲಿಗೆ ಚುಚ್ಚಿದರೆ ಮೈಬಿಟ್ಟು ಮಲಗುತ್ತದೆ. ಅದನ್ನು ಅಂಗಾತ ಮಲಗಿಸಿ, ತಾನಾಗಿ ಹೊರಳಿ ಕಾಲ ಮೇಲೆ ನಿಲ್ಲುವವರೆಗೆ ನಿಮಿಷ ಎಣಿಸಬೇಕು. ಅವತ್ತು ಗಂಡಿಲಿ ಕಡಿಮೆ ಬಿದ್ದವು, ಎರಡು ತಂಡಕ್ಕೆ ಹೆಣ್ಣಿಲಿ ಕೊಟ್ಟೆವು. ಗಂಡಿಲಿಗಳು ಎದ್ದು ಹೊಟ್ಟು ಕೆದರತೊಡಗಿದರೂ ಹೆಣ್ಣಿಲಿಗಳು ಅಂಗಾತವೇ ಬಿದ್ದಿದ್ದವು. ಹುಡುಗರಿಗೆ ಬಸ್ಸಿನ ಚಿಂತೆ. ಪ್ರಾಣಿಗಳ ಕೋಣೆಯ ಅಟೆಂಡರ್ ಬಾಗಿಲಲ್ಲಿ ನಿಂತು ನಕ್ಕ: “ಹೆಣ್ಣಿಗೆ ಅರ್ಧಾ ಸಾಕಾಕ್ಕಿತ್ರಿ ಸರ್. ಇವು ಸಂಜಿ ಮಟಾ ಏಳಂಗಿಲ್ರಿ.” ನಾನು ಪುಸ್ತಕ ಓದಿದವನು, ಅವನು ಇಲಿ ಸಾಕಿದವನು. ಆ ಎರಡು ತಂಡದ ಅಂಕಿಗಳನ್ನು ‘ಸರಿ ಬಂದಿಲ್ಲ’ ಎಂದು ನಾನೇ ಹೊಡೆದುಹಾಕಿಸಿದೆ. ಅವತ್ತಿನ ಪಾಠ ಅಲ್ಲೇ ಇತ್ತು, ನಾನು ಅದರ ಮೇಲೆ ಗೀಟು ಎಳೆದೆ.

ಅವನು ಹೇಳಿದ ಅರ್ಧದ ಲೆಕ್ಕ 1932ರಲ್ಲೇ ಅಚ್ಚಾಗಿತ್ತು. ನಿಕೋಲಸ್ ಮತ್ತು ಬ್ಯಾರನ್ ಎಂಬಿಬ್ಬರು ಪೆಂಟೊಬಾರ್ಬಿಟೋನಿನ ಜಾತಿಯದೇ ಆದ ಸೋಡಿಯಂ ಅಮೈಟಾಲ್ ಎಂಬ ನಿದ್ದೆ ಔಷಧವನ್ನು ಇಲಿಗಳಿಗೆ ಕೊಟ್ಟು, ಗಂಡಿಲಿಗೆ ಬೇಕಾಗುವುದರ ಅರ್ಧದಷ್ಟೇ ಹೆಣ್ಣಿಲಿಗೆ ಸಾಕು ಎಂದು ಬರೆದಿದ್ದರು. ಅರವತ್ತು ವರ್ಷ ಹಳೆಯ ಮಾತು ನನಗೆ ಗೊತ್ತಿರಲಿಲ್ಲ, ನನ್ನ ಪಠ್ಯಪುಸ್ತಕವೂ ಅದನ್ನು ಹೇಳಿರಲಿಲ್ಲ.

ಇದಕ್ಕೆ ಕಾರಣ ಮಿದುಳಿನಲ್ಲಿಲ್ಲ, ಯಕೃತ್ತಿನಲ್ಲಿದೆ. ಔಷಧವನ್ನು ಒಡೆದು ಹಾಕುವ ಕಿಣ್ವಗಳ ಒಂದು ದೊಡ್ಡ ಮನೆತನ ಯಕೃತ್ತಿನಲ್ಲಿದೆ, ಸೈಟೋಕ್ರೋಮ್ ಪಿ450 ಎನ್ನುತ್ತಾರೆ. ಪ್ರಾಯಕ್ಕೆ ಬಂದ ಗಂಡಿಲಿಯ ಯಕೃತ್ತಿನಲ್ಲಿ 2ಸಿ11 ಎಂಬ ಕಿಣ್ವ ಧಾರಾಳವಾಗಿರುತ್ತದೆ, ಹೆಣ್ಣಿಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಅದರ ಬದಲು 2ಸಿ12 ಇರುತ್ತದೆ. ಯಾವುದು ಬೆಳೆಯಬೇಕು ಎಂದು ಹೇಳುವುದು ಬೆಳವಣಿಗೆಯ ಹಾರ್ಮೋನು. ಗಂಡಿಲಿಯಲ್ಲಿ ಈ ಹಾರ್ಮೋನು ಸುಮಾರು ಮೂರೂವರೆ ತಾಸಿಗೊಮ್ಮೆ ಉಕ್ಕಿ ಬರುತ್ತದೆ, ನಡುವೆ ಬತ್ತಿರುತ್ತದೆ. ಹೆಣ್ಣಿಲಿಯಲ್ಲಿ ಹೆಚ್ಚೂ ಕಡಿಮೆ ಸದಾ ಹರಿಯುತ್ತಿರುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಂದು ಪಾಳಿ ಮೇಲೆ ಬಿಡುವ ಕಾಲುವೆ ನೀರು, ಇನ್ನೊಂದು ಬಾರಾಮಾಸಿ ಹಳ್ಳ. ನೀರು ಒಂದೇ ಆದರೂ ಬರುವ ರೀತಿ ಬೇರೆ, ಅದಕ್ಕೆ ತಕ್ಕಂತೆ ಯಕೃತ್ತಿನಲ್ಲಿ ಬೆಳೆಯೂ ಬೇರೆ.

ಇಲ್ಲಿ ನೀವು ‘ಹಾಗಾದರೆ ನಾನೇ ಆ ಹೆಣ್ಣಿಲಿ’ ಎಂದುಕೊಳ್ಳುವ ಅಪಾಯವಿದೆ. ಅಲ್ಲ. ಈ 2ಸಿ11, 2ಸಿ12 ಜೋಡಿ ಇಲಿಯ ಮನೆತನದ್ದು, ನಮ್ಮಲ್ಲಿ ಅವಿಲ್ಲ. ಮನುಷ್ಯರಲ್ಲಿ ಯಕೃತ್ತಿನ ಗಂಡು-ಹೆಣ್ಣು ಅಂತರ ಬಹಳ ಸಣ್ಣದು, ಕೆಲವೆಡೆ ತಿರುಗುಮುರುಗು ಕೂಡ. ಬಹಳಷ್ಟು ಗುಳಿಗೆಗಳನ್ನು ಒಡೆಯುವ 3ಎ4 ಎಂಬ ಕಿಣ್ವ ಹೆಂಗಸರಲ್ಲೇ ಜಾಸ್ತಿ. ಚಿಟ್ಟಿಲಿಯನ್ನು ನೋಡಿದರೂ ಇಲಿಯ ಲೆಕ್ಕ ಹಾಗೇ ಕೂಡುವುದಿಲ್ಲ. ಹೆಣ್ಣಿಲಿ ಸಂಜೆವರೆಗೆ ಮಲಗಿದ್ದಕ್ಕೂ ನೀವು ಬೆಳಗ್ಗೆ ತೂಕಡಿಸುವುದಕ್ಕೂ ಹೋಲಿಕೆ ಇದೆ, ಆದರೆ ಎರಡಕ್ಕೂ ಕಾರಣ ಒಂದೇ ಅಲ್ಲ.

ಓಲಾಂಜಪಿನ್ ಕಥೆ ಇದಕ್ಕಿಂತ ಮಜಾ ಇದೆ. ಚಿತ್ತವಿಕಲತೆಗೆ ಕೊಡುವ ಈ ಗುಳಿಗೆ ನುಂಗಿದ ಮನುಷ್ಯರು ಗಂಡಾಗಲಿ ಹೆಣ್ಣಾಗಲಿ ದಪ್ಪಗಾಗುತ್ತಾರೆ. ನಮ್ಮಲ್ಲಿ ಮನೆಯವರು ಮೊದಲು ಗಮನಿಸುವುದೇ ಅದನ್ನು. ಯಾಕೆ ಹೀಗಾಗುತ್ತದೆ ಎಂದು ಇಲಿಯಲ್ಲಿ ನೋಡಹೊರಟರೆ ಹೆಣ್ಣಿಲಿ ಗಡಗಡ ತಿಂದು ತೂಕ ಏರಿಸಿಕೊಳ್ಳುತ್ತದೆ, ಗಂಡಿಲಿಯಲ್ಲಿ ಮಾತ್ರ ತೂಕ ಏರುವುದೇ ಅಪರೂಪ. ಗಂಡಿಲಿಯ ಒಳಗೆ ಕೊಬ್ಬು ಕೂಡಿದರೂ ತಕ್ಕಡಿ ಅದನ್ನು ತೋರಿಸದು. ಹಾಗಾಗಿ ಈ ಒಂದು ವಿಷಯದಲ್ಲಿ ಸಂಶೋಧಕರು ಹೆಣ್ಣಿಲಿಯನ್ನೇ ಹುಡುಕಿಕೊಂಡು ಹೋದರು. ಬೇರೆ ಪ್ರಯೋಗಗಳಲ್ಲಿ ಲೆಕ್ಕ ಕೆಡಿಸುತ್ತದೆ ಎಂದು ಹೊರಗಿಟ್ಟ ಪ್ರಾಣಿ ಇಲ್ಲಿ ಸರಿಯಾದ ಲೆಕ್ಕ ಕೊಡುವ ಪ್ರಾಣಿಯಾಯಿತು. ಗಂಡಿಲಿಯನ್ನೇ ನಂಬಿ ಕೂತಿದ್ದರೆ ‘ಓಲಾಂಜಪಿನ್‌ನಿಂದ ತೂಕ ಏರುವುದಿಲ್ಲ’ ಎಂದು ಬರೆಯಬೇಕಾಗುತ್ತಿತ್ತು. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಇದೇ ಔಷಧ ಮನುಷ್ಯರ ರಕ್ತದಿಂದ ಅರ್ಧ ಕಡಿಮೆಯಾಗಲು ಸುಮಾರು 30 ತಾಸು ಬೇಕು, ಇಲಿಯಲ್ಲಿ ಎರಡು ಮೂರು ತಾಸು ಸಾಕು. ಮನುಷ್ಯರಲ್ಲಿ ಹೆಂಗಸರ ದೇಹ ಇದನ್ನು ಗಂಡಸರಿಗಿಂತ ಸುಮಾರು ಶೇ 30ರಷ್ಟು ನಿಧಾನವಾಗಿ ಹೊರಹಾಕುತ್ತದೆ, ಬೀಡಿ ಸಿಗರೇಟು ಸೇದುವವರ ದೇಹ ಬೇಗ ಹೊರಹಾಕುತ್ತದೆ. ನಮ್ಮ ಸೀಮೆಯಲ್ಲಿ ಬೀಡಿ ಸೇದುವವರು ಹೆಚ್ಚಾಗಿ ಯಾರು ಎಂದು ನಿಮಗೆ ಹೇಳಬೇಕಿಲ್ಲ. ಎರಡೂ ಕಾರಣ ಒಂದೇ ದಿಕ್ಕಿಗೆ ಎಳೆಯುತ್ತವೆ.

ಇನ್ನು ಮಗಳಿಗೆ ಹೇಳಿದ ಆ ಮಾತು, ಹೆಣ್ಣಿಲಿಯ ಚಕ್ರ ಲೆಕ್ಕ ಕೆಡಿಸುತ್ತದೆ ಎನ್ನುವುದು. ಇದನ್ನು ನಾನೂ ಇಪ್ಪತ್ತು ವರ್ಷ ಪಾಠದಲ್ಲಿ ಹೇಳಿದ್ದೇನೆ, ಆದ್ದರಿಂದ ನಿಮ್ಮ ಮಗಳ ಗೈಡ್ ಮೇಲೆ ಸಿಟ್ಟಾಗಬೇಡಿ. ಹಳ್ಳಿಯಲ್ಲಿದ್ದವರಿಗೆ ಎಮ್ಮೆ, ಆಕಳು ಬೆದೆಗೆ ಬರುವುದು ಗೊತ್ತು, ಸುಮಾರು 21 ದಿನಕ್ಕೊಮ್ಮೆ. ಇಲಿಯದು ನಾಲ್ಕೈದು ದಿನದ ಚಕ್ರ. ಆ ನಾಲ್ಕೈದು ದಿನದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇವತ್ತು ಒಂದು ಪಂಜರದ ಇಲಿ ಬೆದೆಯಲ್ಲಿದೆ, ಪಕ್ಕದ್ದು ಇಲ್ಲ, ಹಾಗಾಗಿ ಅಂಕಿಗಳು ಚೆದುರುತ್ತವೆ, ಚೆದುರಿದರೆ ಔಷಧದ ಗುಣ ಕಾಣುವುದಿಲ್ಲ. ವಾದ ಇದು. ಕೇಳಲು ಎಷ್ಟು ಸರಿಯಾಗಿದೆ ನೋಡಿ! ಅಷ್ಟು ಸರಿಯಾಗಿದ್ದಕ್ಕೇ ಬಹಳ ಕಾಲ ಯಾರೂ ಅಳೆದು ನೋಡಲು ಹೋಗಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಅಳೆದದ್ದು 2014ರಲ್ಲಿ. ಪ್ರೆಂಡರ್‌ಗಾಸ್ಟ್, ಒನಿಷಿ ಮತ್ತು ಝುಕರ್ ಎಂಬುವರು ಚಿಟ್ಟಿಲಿಗಳ 293 ಪ್ರಬಂಧ ತೆಗೆದು, ಅವುಗಳಲ್ಲಿದ್ದ 9,932 ಅಳತೆಗಳಲ್ಲಿ ಗಂಡಿನ ಚೆದುರು ಎಷ್ಟು, ಹೆಣ್ಣಿನ ಚೆದುರು ಎಷ್ಟು ಎಂದು ಹೋಲಿಸಿದರು. ಆ ಹೆಣ್ಣುಗಳ ಚಕ್ರವನ್ನು ಯಾರೂ ಗುರುತಿಸಿರಲಿಲ್ಲ, ಬಂದ ದಿನ ಬಂದ ಹಾಗೆ ಪ್ರಯೋಗಕ್ಕೆ ಹಾಕಿದ್ದರು. ಆದರೂ ಹೆಣ್ಣಿನ ಅಂಕಿಗಳು ಗಂಡಿನವಕ್ಕಿಂತ ಹೆಚ್ಚು ಚೆದುರಿರಲಿಲ್ಲ, ಕೆಲವು ಗುಣಗಳಲ್ಲಿ ಗಂಡಿನವೇ ಹೆಚ್ಚು ಚೆದುರಿದ್ದವು. ಎರಡು ವರ್ಷದ ನಂತರ ದೊಡ್ಡ ಇಲಿಗಳಲ್ಲಿಯೂ ಇದೇ ಉತ್ತರ ಬಂತು. ಯಾಕಿರಬಹುದು? ಒಂದು ಪಂಜರದಲ್ಲಿ ನಾಲ್ಕು ಗಂಡು ಇಟ್ಟರೆ ಅವುಗಳಲ್ಲಿ ಒಬ್ಬ ಗೌಡನಾಗುತ್ತಾನೆ, ಉಳಿದವರು ತಲೆ ತಗ್ಗಿಸುತ್ತಾರೆ. ಗೌಡನ ಟೆಸ್ಟೋಸ್ಟೆರೋನ್ ಉಳಿದವರದಕ್ಕಿಂತ ಎಷ್ಟೋ ಪಟ್ಟು ಮೇಲಿರುತ್ತದೆ. ಹಾರ್ಮೋನಿನ ಏರಿಳಿತ ಹೆಣ್ಣಿಗೆ ಮಾತ್ರ ಎಂದು ನಾವು ಅಂದುಕೊಂಡಿದ್ದೆವು, ಗಂಡಿನ ಪಂಜರದೊಳಗೆ ಇಣುಕಿರಲಿಲ್ಲ.

ಚಕ್ರಕ್ಕೆ ಪರಿಣಾಮವೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಇದೆ. ಈಸ್ಟ್ರೋಜನ್ ಏರಿದ ದಿನ ಹೆಣ್ಣಿಲಿ ಅಂಜಿಕೆ ಅಳೆಯುವ ಎತ್ತರದ ಅಡ್ಡಹಾದಿಯಲ್ಲಿ (ಅದರ ವಿವರ ಮುಂದೆ ಬರುತ್ತದೆ) ಕಡಿಮೆ ಅಂಜುತ್ತದೆ, ಆಂಫೆಟಮಿನ್ ಎಂಬ ಉತ್ತೇಜಕ ಕೊಟ್ಟರೆ ಹೆಚ್ಚು ಕುಣಿಯುತ್ತದೆ. ಆದರೆ ಆ ಏರಿಳಿತವೆಲ್ಲ ಸೇರಿಯೂ ಒಟ್ಟು ಚೆದುರು ಗಂಡಿನದಕ್ಕಿಂತ ದೊಡ್ಡದಾಗುವುದಿಲ್ಲ ಎನ್ನುವುದೇ ಈ ಅಳತೆಗಳು ಹೇಳುವುದು.

ಎಷ್ಟು ಕಾಲ ಗಂಡೇ ಗಂಡು ನಡೆಯಿತು ಎಂದರೆ, 2009ರ ಪ್ರಬಂಧಗಳನ್ನು ಎಣಿಸಿ ಬೀರಿ ಮತ್ತು ಝುಕರ್ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನರವಿಜ್ಞಾನದಲ್ಲಿ ಹೆಣ್ಣಿನ ಮೇಲೆ ಮಾತ್ರ ಮಾಡಿದ ಪ್ರಯೋಗ ಒಂದಿದ್ದರೆ ಗಂಡಿನ ಮೇಲೆ ಮಾತ್ರ ಮಾಡಿದ್ದು ಐದೂವರೆ. ಖಿನ್ನತೆ, ಆತಂಕ ಹೆಂಗಸರಲ್ಲಿ ಗಂಡಸರ ಸುಮಾರು ಎರಡು ಪಟ್ಟು ಎಂದು ಅದೇ ಪ್ರಬಂಧಗಳ ಮೊದಲ ಸಾಲಿನಲ್ಲಿ ಬರೆದಿರುತ್ತಾರೆ, ಎರಡನೇ ಪುಟದಲ್ಲಿ ‘ಗಂಡು ವಿಸ್ಟಾರ್ ಇಲಿಗಳನ್ನು ಬಳಸಲಾಯಿತು’ ಎಂದಿರುತ್ತದೆ. ಎರಿ ಹೊಲದಲ್ಲಿ ಮಾತ್ರ ಬಿತ್ತಿ ನೋಡಿದ ಜೋಳದ ತಳಿಯನ್ನು ಮಡ್ಡಿ ಹೊಲದವನಿಗೂ ಮಾರಿದ ಹಾಗೆ. ಬೆಳೆದರೆ ಬೆಳೆಯಿತು, ಇಲ್ಲವಾದರೆ ಮಡ್ಡಿಯದೇ ತಪ್ಪು!

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ, ನಮ್ಮ ಹಣ ಬೇಕಾದರೆ ಪ್ರಾಣಿಯ ಲಿಂಗವನ್ನು ಪ್ರಯೋಗದ ಒಂದು ಅಂಶವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಿ, ಒಂದೇ ಲಿಂಗ ಬಳಸುವುದಾದರೆ ಗಟ್ಟಿ ಕಾರಣ ಕೊಡಿ ಎಂದಿತು. ಜೀವವಿಜ್ಞಾನದ ಪ್ರಬಂಧಗಳಲ್ಲಿ ಎರಡೂ ಲಿಂಗ ಬಳಸಿದವು 2009ರಲ್ಲಿ ನೂರಕ್ಕೆ 28 ಇದ್ದದ್ದು 2019ಕ್ಕೆ 49 ಆಯಿತು. ಆದರೆ ಎರಡೂ ಇಟ್ಟುಕೊಂಡವರಲ್ಲಿ ಅಂಕಿಗಳನ್ನು ಬೇರೆ ಬೇರೆ ನೋಡುವವರ ಪಾಲು ಬಹುತೇಕ ಕ್ಷೇತ್ರಗಳಲ್ಲಿ ಹೆಚ್ಚಲಿಲ್ಲ. ಇದು ನನಗೆ ಹೆಚ್ಚು ಬೇಸರ ತರುವ ಸಂಗತಿ. ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದ ಹಾಗಾಯಿತು.

ಈಗ ಮಗಳನ್ನು ಒಂದು ಪ್ರಶ್ನೆ ಕೇಳಿ: ಒಂದೆಲಗದ ಸಾರಕ್ಕೆ ಮೊದಲು ತೀವ್ರ ವಿಷಪರೀಕ್ಷೆ ಮಾಡಿದೆಯಲ್ಲ, ಅದಕ್ಕೆ ಯಾವ ಇಲಿ ಹಾಕಿದೆ? ಅವಳು ಪಾಲಿಸಿರುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 423ನೇ ಅಥವಾ 425ನೇ ಮಾರ್ಗಸೂಚಿಯನ್ನೇ ಇರಬೇಕು, ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಅದೇ ರೂಢಿ. ಕಿಲೋ ತೂಕಕ್ಕೆ 2000 ಮಿಲಿಗ್ರಾಂ ಸಾರ ಕುಡಿಸಿ, ಸಾಯುತ್ತವೆಯೋ ಬದುಕುತ್ತವೆಯೋ ಎಂದು 14 ದಿನ ಕಾಯುವ ಪರೀಕ್ಷೆ. ಅದಕ್ಕೆ ಸಾಮಾನ್ಯವಾಗಿ ಹೆಣ್ಣಿಲಿಯನ್ನೇ ಬಳಸಿ ಎಂದು ಆ ಮಾರ್ಗಸೂಚಿಯಲ್ಲೇ ಇದೆ. ಮರಿ ಹಾಕಿರದ, ಗಬ್ಬವಿಲ್ಲದ ಹೆಣ್ಣಿಲಿ. ಕಾರಣವನ್ನೂ ಕೊಟ್ಟಿದ್ದಾರೆ. ಹಳೆಯ ವಿಷಪರೀಕ್ಷೆಗಳನ್ನು ನೋಡಿದರೆ ಗಂಡು ಹೆಣ್ಣಿನ ನಡುವೆ ಅಂತರ ಕಡಿಮೆ, ಆದರೆ ಅಂತರ ಕಂಡಲ್ಲೆಲ್ಲ ಸಾಮಾನ್ಯವಾಗಿ ಹೆಣ್ಣೇ ಸ್ವಲ್ಪ ಬೇಗ ತೊಂದರೆಗೆ ಸಿಗುತ್ತದೆ ಎಂದು.

ಅಂದರೆ ಒಂದೇ ಪ್ರಾಜೆಕ್ಟಿನಲ್ಲಿ, ಒಂದೇ ಸಾರಕ್ಕೆ, ವಿಷ ನೋಡುವಾಗ ಹೆಣ್ಣಿಲಿ, ಗುಣ ನೋಡುವಾಗ ಗಂಡಿಲಿ. ಎಷ್ಟು ಡೋಸಿನವರೆಗೆ ಅಪಾಯವಿಲ್ಲ ಎಂದು ಹೆಣ್ಣು ಹೇಳಿತು, ಎಷ್ಟು ಡೋಸಿಗೆ ಗುಣ ಇದೆ ಎಂದು ಗಂಡು ಹೇಳಿತು, ನಡುವೆ ಇರುವ ಅಂತರವನ್ನು ನಾವು ‘ಸುರಕ್ಷಿತ’ ಎಂದು ಬರೆದೆವು. ಹೆಣ್ಣಿನ ಚಕ್ರದ ಚಿಂತೆ ಆಗ ಎಲ್ಲಿ ಹೋಗಿತ್ತು? ವೈವಾದಲ್ಲಿ ಎಷ್ಟೋ ಹುಡುಗರಿಗೆ ಈ ಪ್ರಶ್ನೆ ಕೇಳಿದ್ದೇನೆ. ಬಹುಪಾಲು ಹುಡುಗರು ಗೈಡ್ ಮುಖ ನೋಡುತ್ತಾರೆ, ಗೈಡ್ ಕಿಟಕಿ ನೋಡುತ್ತಾರೆ.

ನಿಮ್ಮ ಪ್ರಶ್ನೆಯ ನಡುವಿನ ಭಾಗ, ಹೆಣ್ಣಿನ ಮೇಲೆ ನೋಡದೆಯೇ ಕೊಡುತ್ತಾರೆಯೇ ಎನ್ನುವುದಕ್ಕೆ ಚಿಕ್ಕ ಉತ್ತರ: ಇಲ್ಲ, ಪೂರ್ತಿ ಹಾಗಿಲ್ಲ. ಮಾರುಕಟ್ಟೆಗೆ ಬರುವ ಔಷಧದ ದೀರ್ಘಾವಧಿ ವಿಷಪರೀಕ್ಷೆಯಲ್ಲಿ ಪ್ರಾಣಿಗಳು ಎರಡೂ ಲಿಂಗದವು ಇರಲೇಬೇಕು, ನಮ್ಮ ದೇಶದ ನಿಯಮವೂ ಅದೇ. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯಿಂದ ಮಾತ್ರ, ಗರ್ಭ ಧರಿಸಬಲ್ಲ ವಯಸ್ಸಿನ ಹೆಂಗಸರನ್ನು ಅಮೆರಿಕ 1977ರಲ್ಲಿ ಹೊರಗಿಟ್ಟಿತ್ತು. ಆ ನಿರ್ಬಂಧವನ್ನು ತೆಗೆದದ್ದು 1993ರಲ್ಲಿ. ಹಾಗಾಗಿ ಜೀವಕ್ಕೆ ಅಪಾಯವೇ ಎಂದು ಹೆಣ್ಣಿನಲ್ಲೂ ನೋಡಿರುತ್ತಾರೆ. ಯಾವ ಡೋಸಿಗೆ ಎಷ್ಟು ಗುಣ, ಮರುದಿನ ಬಸ್ಸು ಹತ್ತಲು ಆಗುತ್ತದೆಯೇ ಎಂಬುದನ್ನು ಬಹಳ ಕಾಲ ಬೇರೆಯಾಗಿ ನೋಡಲಿಲ್ಲ.

ಇನ್ನೂ ಆಳದ ತೊಡಕು ಒಂದಿದೆ, ಮಗಳಿಗೆ ಉಪಯೋಗಕ್ಕೆ ಬರುತ್ತದೆ. ಇಲಿಗೆ ಅಂಜಿಕೆ ಆಗಿದೆ, ಬೇಸರ ಆಗಿದೆ ಎಂದು ನಾವು ಹೇಗೆ ತಿಳಿಯುತ್ತೇವೆ? ಅದು ಮಾಡುವ ಒಂದು ಕೆಲಸವನ್ನು ಎಣಿಸಿ. ಆ ಕೆಲಸವನ್ನು ಆರಿಸಿದ್ದೇ ಗಂಡಿಲಿಯನ್ನು ನೋಡಿ. ಸದ್ದು ಮಾಡಿ ಕಾಲಿಗೆ ಸಣ್ಣ ವಿದ್ಯುತ್ ಮುಟ್ಟಿಸಿದರೆ, ಮುಂದಿನ ಸಲ ಸದ್ದು ಕೇಳಿದ ಕೂಡಲೇ ಇಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ನಿಲ್ಲುವಿಕೆಯೇ ಅಂಜಿಕೆಯ ಅಳತೆ. ಹೆಣ್ಣಿಲಿಗಳಲ್ಲಿ ಎಷ್ಟೋ ನಿಲ್ಲುತ್ತಿರಲಿಲ್ಲ, ‘ಇವಕ್ಕೆ ನೆನಪು ಕಡಿಮೆ, ಅಂಜಿಕೆ ಕಡಿಮೆ’ ಎಂದು ಬರೆದರು. 2015ರಲ್ಲಿ ಬಾಸ್ಟನ್ನಿನ ರೆಬೆಕಾ ಶಾನ್ಸ್ಕಿ ಅವರ ತಂಡ ವಿಡಿಯೋವನ್ನು ಕೂತು ನೋಡಿತು. ಸದ್ದಾದಾಗ ಹೆಣ್ಣಿಲಿಗಳಲ್ಲಿ ನೂರಕ್ಕೆ ಸುಮಾರು 40 ಪಂಜರದ ತುಂಬ ಬಾಣದ ಹಾಗೆ ಓಡುತ್ತಿದ್ದವು. ಗಂಡಿನಲ್ಲಿ ಹಾಗೆ ಓಡುವವು ನೂರಕ್ಕೆ ಹತ್ತರಷ್ಟು. ಅವಕ್ಕೂ ಅಂಜಿಕೆ ಇತ್ತು, ತಪ್ಪಿಸಿಕೊಳ್ಳಲು ಓಡುತ್ತಿದ್ದವು. ನಿಲ್ಲುವುದನ್ನು ಮಾತ್ರ ಎಣಿಸುವ ಯಂತ್ರಕ್ಕೆ ಓಟ ‘ಅಂಜಿಕೆ ಇಲ್ಲ’ ಎಂದು ಕಂಡಿತು. ಇಂಥ ಪೆಟ್ಟಿಗೆಯಲ್ಲಿ ಆತಂಕದ ಔಷಧ ಕೊಟ್ಟು ನೋಡಿದರೆ ಹೆಣ್ಣಿಲಿಯ ಬಗ್ಗೆ ಏನು ತಿಳಿದೀತು?

ಎತ್ತರದ ಅಡ್ಡಹಾದಿಯ ಕಥೆಯೂ ಇಂಥದ್ದೇ. ನೆಲದಿಂದ ಮೇಲೆ ಕೂಡುರಸ್ತೆಯ ಹಾಗೆ ನಾಲ್ಕು ತೋಳಿನ ಹಾದಿ, ಎರಡು ತೋಳಿಗೆ ಗೋಡೆ, ಎರಡು ತೋಳು ಬಯಲು. ಬಯಲಿಗೆ ಹೆಚ್ಚು ಹೋದರೆ ಅಂಜಿಕೆ ಕಡಿಮೆ ಎಂದು ಲೆಕ್ಕ. ಡಯಾಜೆಪಾಮ್ ಜಾತಿಯ ಆತಂಕದ ಗುಳಿಗೆಗಳನ್ನು ಹೀಗೂ ತೂಗುತ್ತಾರೆ. ಲಂಡನ್ನಿನ ಸಾಂಡ್ರಾ ಫೈಲ್ ಅವರ ತಂಡ 1999ರಲ್ಲಿ ಅಂಕಿಗಳನ್ನು ಬಿಡಿಸಿ ನೋಡಿದಾಗ, ಗಂಡಿಲಿಯ ಓಡಾಟದ ಹಿಂದೆ ಮುಖ್ಯವಾಗಿ ಅಂಜಿಕೆ ಕಂಡಿತು, ಹೆಣ್ಣಿಲಿಯ ಓಡಾಟದ ಹಿಂದೆ ಮುಖ್ಯವಾಗಿ ಸುಮ್ಮನೆ ಚಟುವಟಿಕೆ. ಹೆಣ್ಣಿಲಿ ಮೊದಲೇ ತಿರುಗಾಟದ ಪ್ರಾಣಿ. ಅದು ಬಯಲಿಗೆ ಬಂದದ್ದು ಧೈರ್ಯದಿಂದಲೋ ಸುಮ್ಮನೆ ತಿರುಗಾಡಲೋ ಎಂದು ಬೇರೆ ಮಾಡದೆ ಔಷಧದ ಗುಣ ಹೇಳಲಾಗದು.

ಮಗಳು ಮಾಡುತ್ತಿರುವುದು ಬಲವಂತದ ಈಜಿನ ಪರೀಕ್ಷೆ ಇರಬೇಕು. ರೋಜರ್ ಪೊರ್ಸೋಲ್ಟ್ 1977ರಲ್ಲಿ ತಂದದ್ದು. ಇಲಿಯನ್ನು ನೀರಿನ ಗಾಜಿನ ಪಾತ್ರೆಗೆ ಬಿಟ್ಟು, ಕೈಕಾಲು ಆಡಿಸದೆ ತೇಲಿದ ಸೆಕೆಂಡು ಎಣಿಸುವುದು. ಖಿನ್ನತೆಯ ಔಷಧ ಕೊಟ್ಟರೆ ತೇಲುವ ಹೊತ್ತು ಕಡಿಮೆಯಾಗುತ್ತದೆ. ಅದು ಕೈಚೆಲ್ಲಿದ್ದೋ ಜಾಣತನದಿಂದ ಶಕ್ತಿ ಉಳಿಸಿಕೊಂಡದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ಎತ್ತುವುದಿಲ್ಲ. ಈ ಪಾತ್ರೆಯಲ್ಲೇ 2013ರಲ್ಲಿ ಕ್ಯಾರಿಯರ್ ಮತ್ತು ಕಬ್ಬಾಜ್ ಎಂಬಿಬ್ಬರು ಕೆಟಮಿನ್ ಎಂಬ, ಖಿನ್ನತೆಗೂ ಬಳಸುವ ಅರಿವಳಿಕೆ ಔಷಧ ಕೊಟ್ಟು ನೋಡಿದರು. ಗಂಡಿಲಿಗೆ ಕಿಲೋಗೆ 5 ಮಿಲಿಗ್ರಾಂ ಬೇಕಾಯಿತು, ಹೆಣ್ಣಿಲಿಗೆ 2.5 ಸಾಕಾಯಿತು. ಹೆಣ್ಣಿಲಿಯ ಅಂಡಾಶಯ ತೆಗೆದರೆ ಆ ಹೆಚ್ಚುವರಿ ಗುಣ ಹೋಯಿತು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಎರಡನ್ನೂ ಮರಳಿ ಕೊಟ್ಟರೆ ತಿರುಗಿ ಬಂತು. ಇಷ್ಟು ಚೆಂದದ ಫಲಿತಾಂಶ ನೋಡಿ ನಾನೂ ಹಿಗ್ಗಿದ್ದೆ. ಆದರೆ ಖಿನ್ನತೆಯ ರೋಗಿಗಳಲ್ಲಿ ಕೆಟಮಿನ್ ಕೊಟ್ಟು ನೋಡಿದಾಗ ಗಂಡಸು ಹೆಂಗಸಿನ ನಡುವೆ ಅಂಥ ಸ್ಪಷ್ಟ ಅಂತರ ಸಿಗಲಿಲ್ಲ.

ಹಾಗಾದರೆ ಹೆಣ್ಣಿಲಿ ಸೇರಿಸಿ ಏನು ಪ್ರಯೋಜನ ಎಂದು ಗೈಡ್ ಕೇಳಿಯಾರು. ನನ್ನ ಉತ್ತರ ಇಷ್ಟು. ಹೆಣ್ಣಿಲಿಯನ್ನು ಹೆಂಗಸಿನ ಬದಲಿಗೆ ಇಡುವುದಲ್ಲ, ಗಂಡಿಲಿ ಗಂಡಸಿನ ಬದಲಿ ಆಗಿದ್ದಾದರೂ ಯಾವಾಗ? ಮಗಳು ಕೊನೆಗೆ ಬರೆಯುವ ವಾಕ್ಯ ‘ಒಂದೆಲಗದ ಸಾರಕ್ಕೆ ಇಲಿಗಳಲ್ಲಿ ಈ ಗುಣವಿದೆ’ ಎಂದಿರುತ್ತದೆ. ಗಂಡಿಲಿ ಮಾತ್ರ ಹಾಕಿದ್ದರೆ ಆ ವಾಕ್ಯ ಸುಳ್ಳು. ‘ಗಂಡಿಲಿಗಳಲ್ಲಿ’ ಎಂದು ಬರೆದರೆ ನಿಜ, ಆದರೆ ಶೀರ್ಷಿಕೆಯಲ್ಲಿ ಹಾಗೆ ಬರೆದವರನ್ನು ನಾನು ಕಂಡಿದ್ದು ಕಡಿಮೆ.

ಮಗಳು ಮಾಡಬೇಕಾದದ್ದು ಅಂಥ ಕಷ್ಟದ್ದೇನಲ್ಲ. ಇಲಿಗಳ ಸಂಖ್ಯೆ ಎರಡು ಪಟ್ಟಾಗುತ್ತದೆ, ಪ್ರಾಣಿ ನೈತಿಕ ಸಮಿತಿ ಒಪ್ಪುವುದಿಲ್ಲ ಎನ್ನುತ್ತಾರೆ. ಎರಡು ಪಟ್ಟು ಬೇಡ. ಗುಂಪಿಗೆ ಆರು ಗಂಡು ಎಂದು ಆ ಸಮಿತಿಗೆ ಕೊಡುವ ಅರ್ಜಿಯಲ್ಲಿ, ಅಂದರೆ ಫಾರ್ಮ್ ಬಿ ಯಲ್ಲಿ, ಬರೆದಿದ್ದರೆ ಮೂರು ಗಂಡು, ಮೂರು ಹೆಣ್ಣು ಎಂದು ತಿದ್ದುಪಡಿ ಕೇಳಲಿ. ಒಟ್ಟು ಅಷ್ಟೇ ಇಲಿ. ಲೆಕ್ಕ ಹಾಕುವಾಗ ಒಂದು ಕಡೆ ಔಷಧ, ಇನ್ನೊಂದು ಕಡೆ ಲಿಂಗ ಇಟ್ಟು ಎರಡನ್ನೂ ಒಟ್ಟಿಗೆ ತೂಗುವ ಟೂ-ವೇ ಅನೋವಾ ಎಂಬ ಲೆಕ್ಕ ಹಾಕಲಿ. ಇಮಿಪ್ರಮಿನ್ ಎಂಬ ಖಿನ್ನತೆಯ ಹಳೆಯ ಔಷಧ ಕೊಡುವ ಹೋಲಿಕೆಯ ಗುಂಪಿನಲ್ಲೂ ಹೀಗೇ ಹಂಚಬೇಕು, ಅಲ್ಲಿ ಗಂಡು ಮಾತ್ರ ಇಟ್ಟರೆ ಎಲ್ಲ ವ್ಯರ್ಥ. ಮೂರು ಮೂರರಲ್ಲಿ ಗಂಡು-ಹೆಣ್ಣಿನ ಅಂತರವನ್ನು ಸಾಧಿಸಿ ತೋರಿಸಲು ಆಗುವುದಿಲ್ಲ, ಆ ಆಸೆ ಬೇಡ. ದೊಡ್ಡ ಅಂತರವಿದ್ದರೆ ಸುಳಿವು ಸಿಗುತ್ತದೆ. ಸಿಕ್ಕರೆ ಸುಳಿವು ಎಂದೇ ಬರೆಯಲಿ. ಸಿಗದಿದ್ದರೂ ಒಂದೊಂದು ಇಲಿಯ ಅಂಕಿಯನ್ನು ಲಿಂಗ ಸಮೇತ ಕೊನೆಯಲ್ಲಿ ಕೊಡಲಿ, ಮುಂದೆ ಇನ್ನೊಬ್ಬರು ಕೂಡಿಸಿಕೊಳ್ಳುತ್ತಾರೆ.

ಚಕ್ರ ಗುರುತಿಸುವುದು ಮೊದಲ ಸುತ್ತಿನಲ್ಲಿ ಬೇಕಿಲ್ಲ. ಗೈಡ್ ಹಟ ಹಿಡಿದರೆ, ಈಜು ಮುಗಿದ ಮೇಲೆ, ಮುಂಚೆ ಅಲ್ಲ, ಒಂದು ಹನಿ ಸಲೈನಿನಿಂದ ಯೋನಿಯ ತೊಳೆನೀರು ತೆಗೆದು ಗಾಜಿನ ಪಟ್ಟಿಯ ಮೇಲೆ ನೋಡಿದರಾಯಿತು. ಸುಕ್ಕುಗಟ್ಟಿದ, ಕೋಶಕೇಂದ್ರವಿಲ್ಲದ ಚಪ್ಪಟೆ ಕೋಶಗಳು ತುಂಬಿದ್ದರೆ ಇಲಿ ಬೆದೆಯಲ್ಲಿದೆ. ಸಣ್ಣ ಬಿಳಿ ರಕ್ತಕಣಗಳೇ ತುಂಬಿದ್ದರೆ ಬೆದೆ ಕಳೆದಿದೆ. ಹೆಣ್ಣನ್ನು ಮಾತ್ರ ಹೀಗೆ ಹಿಡಿದು ಗಂಡನ್ನು ಮುಟ್ಟದೆ ಬಿಟ್ಟರೆ ಅದೇ ಒಂದು ಹೊಸ ಅಂತರವಾಗುತ್ತದೆ, ಗಂಡಿಲಿಯನ್ನೂ ಅಷ್ಟೇ ಹೊತ್ತು ಕೈಯಲ್ಲಿ ಹಿಡಿಯಬೇಕು. ಪ್ರತಿ ಇಲಿಗೂ ಪಾತ್ರೆಯ ನೀರು ಚೆಲ್ಲಿ ಹೊಸದು ತುಂಬಲಿ. ಗಂಡು ಈಜಿದ ನೀರಿನ ವಾಸನೆ ಹೆಣ್ಣಿಗೆ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ವಿಚಿತ್ರ, ಇದನ್ನು ಮಗಳಿಗೆ ಓದಿ ಹೇಳಿ. ಕೆನಡಾದ ಜೆಫ್ರಿ ಮೊಗಿಲ್ ಅವರ ತಂಡ 2014ರಲ್ಲಿ ತೋರಿಸಿದ್ದು: ಕೋಣೆಯಲ್ಲಿ ಗಂಡಸು ಇದ್ದರೆ, ಅಷ್ಟೇಕೆ, ಗಂಡಸು ಹಾಕಿ ಬಿಚ್ಚಿದ ಟೀ-ಶರ್ಟ್ ಇದ್ದರೂ ಸಾಕು, ಇಲಿ ಚಿಟ್ಟಿಲಿಗಳಿಗೆ ಒತ್ತಡ ಏರಿ ನೋವು ಕಡಿಮೆ ಗೊತ್ತಾಗುತ್ತದೆ. 2022ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ತಂಡ ಇನ್ನೂ ಮುಂದೆ ಹೋಗಿ, ಕೆಟಮಿನನ್ನು ಗಂಡಸು ಚುಚ್ಚಿದಾಗ ಚಿಟ್ಟಿಲಿಗಳಲ್ಲಿ ಖಿನ್ನತೆ ಕಳೆಯುವ ಗುಣ ಕಂಡಿತು, ಹೆಂಗಸು ಚುಚ್ಚಿದಾಗ ಕಾಣಲಿಲ್ಲ ಎಂದು ಪ್ರಕಟಿಸಿತು. ನಾನು ನಲವತ್ತು ವರ್ಷ ಸೂಜಿ ಹಿಡಿದವನು, ನನ್ನ ಯಾವ ದಾಖಲೆಯಲ್ಲೂ ಚುಚ್ಚಿದವರು ಯಾರು ಎಂದು ಬರೆದಿಲ್ಲ. ನಿಮ್ಮ ಮಗಳು ಒಂದು ಕಾಲಂ ಹೆಚ್ಚಿಗೆ ಗೆರೆ ಹಾಕಿ, ಅವತ್ತು ಚುಚ್ಚಿದ್ದು ತಾನೋ ಅಟೆಂಡರೋ ಎಂದು ಬರೆದಿಡಲಿ. ಸಾಧ್ಯವಾದರೆ ಶುರುವಿನಿಂದ ಕೊನೆವರೆಗೆ ಅವಳೊಬ್ಬಳೇ ಚುಚ್ಚಲಿ.